ಬ್ರೆವಾಂ ಮೇಲೆ ಯಾರೂ ಆಡದ ಮೂರು ಮಾತು: ಟ್ರೆಕ್‌ನ ಕೊನೆಯ ದಿನದ ಒಂದು ಪ್ರಕರಣ

ಮಧ್ಯಾಹ್ನ ಒಂದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಫ್ರಾನ್ಸಿನ ಲೆ ಬ್ರೆವಾಂ ಬೆಟ್ಟದ ತುದಿಯಲ್ಲಿ, 2525 ಮೀಟರ್ ಎತ್ತರದಲ್ಲಿ, ನಾವು ಮೂವರು ನಿಂತಿದ್ದೆವು. ನಾನು, ಅಕ್ಕ, ಭಾವ. ಪಕ್ಕದಲ್ಲೇ ಕೇಬಲ್ ಕಾರ್ ಸ್ಟೇಷನ್. ಹತ್ತಿ ಕೂತರೆ ಅರ್ಧ ಗಂಟೆಯಲ್ಲಿ ಕೆಳಗಿನ ಶಾಮೊನಿ ಊರು. ಇನ್ನೊಂದು ಕಡೆ ಕಾಲುದಾರಿ. ಅದು 1008 ಮೀಟರ್ ಎತ್ತರದಲ್ಲಿರುವ ಲೆಝೂಶ್ ಎಂಬ ಹಳ್ಳಿವರೆಗೆ ಇಳಿಯುತ್ತದೆ. ಅಂದರೆ ಒಂದೇ ಸಮ 1500 ಮೀಟರ್ ಇಳಿತ.

ನಾವು ಕಾಲುದಾರಿ ಹಿಡಿದೆವು. ಐದೂವರೆ ಗಂಟೆ ಆದ ಮೇಲೆ ಭಾವನನ್ನು ಇಬ್ಬರೂ ಎರಡು ಕಡೆ ಹಿಡಿದುಕೊಂಡು ಒಂದು ಪಾರ್ಕಿಂಗ್ ಜಾಗಕ್ಕೆ ಕರೆತಂದೆವು. ಆ ದಿನ ಏನಾಯ್ತು, ಎಲ್ಲಿ ತಪ್ಪಿದೆವು ಅಂತ ಪೂರ್ತಿ ಬರೆದಿಡಬೇಕು ಅನ್ನಿಸಿತು. ಯಾಕೆಂದರೆ ನಮ್ಮ ಕಡೆಯಿಂದ ಈ ದಾರಿಗೆ ಹೋಗುವವರು ಜಾಸ್ತಿಯಾಗುತ್ತಿದ್ದಾರೆ. ಹೋಗುವ ಮುಂಚೆ ನನ್ನನ್ನು ಕೇಳುವವರೆಲ್ಲ ಮೊದಲ ದಿನದ ಏರಿಕೆ ಹೇಗೆ ಅಂತಲೇ ಕೇಳುತ್ತಾರೆ. ಕೊನೆಯ ದಿನದ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ.

ನಾವು ಹೋಗಿದ್ದು ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ದಾರಿಗೆ. ಸುಮಾರು 170 ಕಿಲೋಮೀಟರ್. ಫ್ರಾನ್ಸ್, ಇಟಲಿ, ಸ್ವಿಟ್ಜರ್‌ಲೆಂಡ್ ಮೂರೂ ದೇಶ ದಾಟುತ್ತದೆ. ಲೆಝೂಶ್‌ನಿಂದ ಹೊರಟು, ಪರ್ವತವನ್ನು ಎಡಕ್ಕಿಟ್ಟುಕೊಂಡು ಸುತ್ತಿ, ಮತ್ತೆ ಲೆಝೂಶ್‌ಗೇ ಬರಬೇಕು. ಹನ್ನೊಂದು ದಿನದ ಲೆಕ್ಕ. ರಾತ್ರಿ ಉಳಿಯೋಕೆ ಗುಡ್ಡದ ಮೇಲಿನ ಹಟ್‌ಗಳಿವೆ. ಅಲ್ಲೇ ಊಟ, ಅಲ್ಲೇ ಸಾಲಾಗಿ ಹಾಕಿದ ಹಾಸಿಗೆ.

ನನಗೆ 45, ಅಕ್ಕನಿಗೆ 52. ಭಾವನಿಗೆ 59, ಮೈಸೂರಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮೂವರೂ ಕುದುರೆಮುಖ, ಕುಮಾರ ಪರ್ವತ ಹತ್ತಿದ್ದೇವೆ. ಭಾವ ಈ ಟ್ರೆಕ್‌ಗೋಸ್ಕರ ಐದು ತಿಂಗಳು ತಯಾರಿ ಮಾಡಿದ್ದರು. ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಿದ್ದರು. ಕೊನೆಕೊನೆಗೆ ಬೆನ್ನ ಮೇಲೆ ಎಂಟು ಕಿಲೋ ಅಕ್ಕಿ ಹೊತ್ತು ಹತ್ತುತ್ತಿದ್ದರು. ಅವರ ಶ್ರದ್ಧೆಗೆ ನಾನು ಈಗಲೂ ಕೈ ಮುಗಿಯುತ್ತೇನೆ. ಆದರೆ ಹತ್ತಿದ ಮೇಲೆ ದೇವಿ ದರ್ಶನ ಮಾಡಿ, ಸಿಟಿ ಬಸ್ಸಿನಲ್ಲಿ ಇಳಿದು ಬರುತ್ತಿದ್ದರು. ಈ ಒಂದು ಸಂಗತಿ ನೆನಪಲ್ಲಿಟ್ಟುಕೊಳ್ಳಿ. ಆಗ ನಮಗ್ಯಾರಿಗೂ ಅದು ದೊಡ್ಡದಾಗಿ ಕಾಣಲಿಲ್ಲ.

ಬೆಳಗ್ಗೆ

ಹತ್ತನೇ ರಾತ್ರಿ ಉಳಿದಿದ್ದು ಲಾ ಫ್ಲೆಜೇರ್‌ನಲ್ಲಿ, 1877 ಮೀಟರ್. ಊಟದ ಹಾಲ್‌ನಲ್ಲಿ ಹಬ್ಬದ ವಾತಾವರಣ. ಹತ್ತು ದಿನ ಹಿಂದೆ ಮುಂದೆ ನಡೆದವರೆಲ್ಲ ಅಲ್ಲಿ ಸೇರಿದ್ದರು. "ನಾಳೆ ಇಷ್ಟೊತ್ತಿಗೆ ಬಿಸಿನೀರ ಸ್ನಾನ" ಅಂತ ಒಬ್ಬರು, "ನಾಳೆ ಅನ್ನ ಸಾರು" ಅಂತ ನಮ್ಮಕ್ಕ. ಮನಸ್ಸಿನಲ್ಲಿ ಟ್ರೆಕ್ ಮುಗಿದೇ ಹೋಗಿತ್ತು.

ಗೋಡೆಗೆ ಹವಾಮಾನದ ಚೀಟಿ ಅಂಟಿಸಿದ್ದರು. ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ. ಆಲ್ಪ್ಸ್‌ನಲ್ಲಿ ಜುಲೈ ತಿಂಗಳಲ್ಲಿ ಇದು ಮಾಮೂಲು. ಬೆಳಗಿನ ಬಿಸಿಲಿಗೆ ಕಣಿವೆಯ ಗಾಳಿ ಕಾದು ಮೇಲೇರುತ್ತದೆ, ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ, ಸಂಜೆಗೆ ಸುರಿಯುತ್ತದೆ. ಅದಕ್ಕೇ ಅಲ್ಲಿಯವರು ಬೇಗ ಹೊರಟು ಬೇಗ ಸೇರುತ್ತಾರೆ. ಏಳಕ್ಕೆ ಹೊರಡೋಣ ಅಂತ ನಾವೂ ಮಾತಾಡಿಕೊಂಡೇ ಮಲಗಿದೆವು.

ಹೊರಟಾಗ ಎಂಟಕ್ಕೆ ಹತ್ತು ನಿಮಿಷ. ಅಕ್ಕ ಉಳಿದಿದ್ದ ಚಟ್ನಿಪುಡಿಯನ್ನೆಲ್ಲ ಬೆಣ್ಣೆ ಸವರಿದ ಬ್ರೆಡ್ಡಿಗೆ ಹಾಕಿ ಕಟ್ಟಿಕೊಳ್ಳುತ್ತಿದ್ದಳು. ಪಕ್ಕದ ಟೇಬಲಿನವರು ರುಚಿ ನೋಡಿದರು, ಫೋಟೋ ತೆಗೆದರು. ಆ ಐವತ್ತು ನಿಮಿಷಕ್ಕೆ ಅವಳನ್ನು ದೂರುವುದಿಲ್ಲ. ನಾನೂ ಸಂತೋಷವಾಗಿ ಕೂತಿದ್ದೆ.

ಆ ದಿನದ ದಾರಿ ಸುಮಾರು 17 ಕಿಲೋಮೀಟರ್. ಏರಿಕೆ ಹೆಚ್ಚುಕಡಿಮೆ 770 ಮೀಟರ್, ಇಳಿತ ಅದರ ಎರಡರಷ್ಟು. ಒಳ್ಳೆ ಕಾಲಿನವರಿಗೆ ವಿಶ್ರಾಂತಿ ಬಿಟ್ಟು ಏಳು ಗಂಟೆ ಅನ್ನಿ. ಫ್ಲೆಜೇರ್‌ನಿಂದ ಪ್ಲಾಂಪ್ರಾವರೆಗೆ ಬೆಟ್ಟದ ಸೊಂಟಕ್ಕೆ ಸುತ್ತಿದಂಥ ದಾರಿ. ಎದುರಿಗೆ ಇಡೀ ಮಾಂಟ್ ಬ್ಲಾಂಕ್ ಸಾಲು, ಕೆಳಗೆ ಆಟಿಕೆಯಂಥ ಶಾಮೊನಿ. ಅಲ್ಲಿ ಯಾರಿಗೂ ಏನೂ ತೊಂದರೆ ಆಗಲಿಲ್ಲ. ಹತ್ತೂಕಾಲಕ್ಕೆ ಪ್ಲಾಂಪ್ರಾ ತಲುಪಿದೆವು, 2000 ಮೀಟರ್. ಅಲ್ಲಿಂದಲೂ ಊರಿಗೆ ಇಳಿಯೋಕೆ ಕೇಬಲ್ ವ್ಯವಸ್ಥೆ ಇದೆ. ಆ ಕಡೆ ತಿರುಗಿಯೂ ನೋಡಲಿಲ್ಲ.

ಪ್ಲಾಂಪ್ರಾದಿಂದ ಏರಿದರೆ 2368 ಮೀಟರ್‌ನಲ್ಲಿ ಎರಡು ಬೆಟ್ಟದ ನಡುವಿನ ತಗ್ಗು. ಅದನ್ನು ದಾಟಿದರೆ ದಾರಿ ಬೆಟ್ಟದ ಬೆನ್ನಿಗೆ ಹೋಗುತ್ತದೆ. ಮಾಂಟ್ ಬ್ಲಾಂಕ್ ಮರೆಯಾಗುತ್ತದೆ, ಬಿಸಿಲು ಕಡಿಮೆ. ಹಿಮದ ತುಂಡುಗಳು ಜುಲೈನಲ್ಲೂ ಬಿದ್ದಿರುತ್ತವೆ. ಆಮೇಲೆ ಬಂಡೆ, ಬಂಡೆಗೆ ಬಡಿದ ಕಬ್ಬಿಣದ ಕಂಬಿ, ಚಿಕ್ಕ ಏಣಿ. ಅಲ್ಲಿ ನಾನು ಭಾವನ ಹಿಂದೆಯೇ ಇದ್ದೆ. ಅವರು ಪ್ರತಿ ಕಂಬಿಗೂ ಎಡಗಾಲನ್ನೇ ಮೊದಲು ಇಡುತ್ತಿದ್ದರು. ಎಡಗಾಲು ಇಟ್ಟು, ಕೈಯಲ್ಲಿ ಮೈ ಎಳೆದುಕೊಂಡು, ಬಲಗಾಲನ್ನು ಪಕ್ಕಕ್ಕೆ ತಂದು ಸೇರಿಸುವುದು. ಮಗು ಮೆಟ್ಟಿಲು ಹತ್ತುವ ಹಾಗೆ. ನಾನು ನೋಡಿದೆ. "ಭಾವ, ಕಾಲು ಹೇಗಿದೆ?" ಅಂದೆ. "ಏನಿಲ್ಲಪ್ಪ, ಹುಷಾರಾಗಿ ಹತ್ತುತ್ತಿದ್ದೀನಿ ಅಷ್ಟೆ," ಅಂದರು. ನಾನು ಸುಮ್ನಾದೆ.

ಬ್ರೆವಾಂ ಮೇಲೆ ಹತ್ತು ನಿಮಿಷ

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣ ಈ ಹತ್ತು ನಿಮಿಷದಲ್ಲಿದೆ.

ತುದಿಗೆ ಬಂದಾಗ ಮೋಡ ಮುಚ್ಚಿತ್ತು. ಏನೂ ಕಾಣುತ್ತಿಲ್ಲ. ಕೇಬಲ್ ಕಾರ್ ಮೋಡದೊಳಗಿಂದ ಸದ್ದಿಲ್ಲದೆ ಬಂದು ನಿಂತು, ಜನರನ್ನು ತುಂಬಿಕೊಂಡು ಮತ್ತೆ ಮೋಡದೊಳಗೆ ಹೋಯಿತು. ಅಕ್ಕ ಒಮ್ಮೆ ಅದನ್ನು ನೋಡಿದಳು, ಒಮ್ಮೆ ಭಾವನನ್ನು ನೋಡಿದಳು. "ಏನ್ ಮಾಡೋಣ ರೀ?" ಅಂದಳು.

ಭಾವ ಹೇಳಿದ್ದು ಇಷ್ಟು: "ಬೆಲ್ಲಾಷಾ ಹಟ್‌ವರೆಗಾದರೂ ಹೋಗೋಣ. ಅದು ಮೋಡದ ಕೆಳಗಿದೆ. ಅಲ್ಲಿಂದ ಬೊಸ್ಸೊಂ ಕಾಣುತ್ತೆ."

ಬೊಸ್ಸೊಂ ಅಂದರೆ ಮಾಂಟ್ ಬ್ಲಾಂಕ್‌ನಿಂದ ಶಾಮೊನಿ ಕಣಿವೆಗೆ ಇಳಿಯುವ ಹಿಮನದಿ. ಭಾವ ಇಷ್ಟು ದೂರ ಬಂದಿದ್ದಕ್ಕೆ ಮುಖ್ಯ ಕಾರಣವೇ ಅದು. 1966ರ ಜನವರಿ 24ರಂದು ಏರ್ ಇಂಡಿಯಾದ 'ಕಾಂಚನಜುಂಗಾ' ವಿಮಾನ ಜಿನೀವಾದಲ್ಲಿ ಇಳಿಯಬೇಕಿತ್ತು. ಮಾಂಟ್ ಬ್ಲಾಂಕ್‌ನ ತುದಿಗೆ ಹತ್ತಿರದಲ್ಲೇ ಬಡಿದು 117 ಜನ ತೀರಿಕೊಂಡರು. ಅದರಲ್ಲಿ ಅಣುವಿಜ್ಞಾನಿ ಹೋಮಿ ಭಾಭಾ ಇದ್ದರು. ಅದಕ್ಕೂ ಮುಂಚೆ, 1950ರ ನವೆಂಬರ್ 3ರಂದು, ಅದೇ ಕಂಪನಿಯ 'ಮಲಬಾರ್ ಪ್ರಿನ್ಸೆಸ್' ಅದೇ ಪರ್ವತಕ್ಕೆ ಬಡಿದು 48 ಜನ ಸತ್ತಿದ್ದರು. ಎರಡೂ ವಿಮಾನದ ಚೂರುಗಳನ್ನು ಆ ಹಿಮನದಿ ಇವತ್ತಿಗೂ ಕೆಳಗೆ ತಂದು ಹಾಕುತ್ತಿದೆ. 2012ರಲ್ಲಿ ಭಾರತ ಸರ್ಕಾರದ ಟಪಾಲು ಚೀಲ ಸಿಕ್ಕಿತು. 2020ರಲ್ಲಿ, ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿ ಇದ್ದ ಪತ್ರಿಕೆಗಳು ಸಿಕ್ಕವು. ಇಂದಿರಾ ಪ್ರಮಾಣವಚನ ತಗೊಂಡಿದ್ದೂ ಅದೇ ಜನವರಿ 24ರಂದೇ.

ಭಾಭಾ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಆಗ ಭೌತಶಾಸ್ತ್ರ ವಿಭಾಗ ಸಿ.ವಿ. ರಾಮನ್ ಕೈಯಲ್ಲಿತ್ತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕಣ್ಣು ಬಿಟ್ಟಿದ್ದೂ ಬೆಂಗಳೂರಿನಲ್ಲೇ. ಮೂವತ್ತು ವರ್ಷ ಮಕ್ಕಳಿಗೆ ಕಾಸ್ಮಿಕ್ ಕಿರಣದ ಪಾಠ ಮಾಡುವಾಗ ಭಾವ ಈ ಕಥೆ ಹೇಳುತ್ತಿದ್ದರಂತೆ. ಆ ಮಂಜುಗಡ್ಡೆಯ ಎದುರು ಐದು ನಿಮಿಷ ಕೂರಬೇಕು ಅನ್ನೋ ಆಸೆ. ಇಂಥ ಆಸೆಗೆ ಯಾರು ಬೇಡ ಅಂತಾರೆ?

ಈಗ ಆ ಹತ್ತು ನಿಮಿಷದಲ್ಲಿ ಮೂವರ ಹೊಟ್ಟೆಯಲ್ಲಿ ಇದ್ದ ಮಾತು ಯಾವುದು ಅಂತ ಹೇಳುತ್ತೇನೆ. ಇದು ಗೊತ್ತಾಗಿದ್ದು ಆಮೇಲೆ, ರಾತ್ರಿ ಹೋಟೆಲ್ ರೂಮಿನಲ್ಲಿ.

ಭಾವನ ಬಲಮಂಡಿ ಎರಡು ದಿನದಿಂದ ಊದಿಕೊಂಡಿತ್ತು. ಸ್ವಿಟ್ಜರ್‌ಲೆಂಡ್ ಗಡಿಯ ಕೋಲ್ ದ ಬಾಲ್ಮ್‌ನಿಂದ ಇಳಿಯುವಾಗ ಶುರುವಾದ ನೋವು. ನಮ್ಮ ಮುಂದೆ ಪ್ಯಾಂಟ್ ಮೇಲೆತ್ತಲೇ ಇಲ್ಲ.

ಅಕ್ಕನಿಗೆ ಅವತ್ತು ಬೆಳಗ್ಗೆಯಿಂದ ಅವರು ಎರಡು ನೋವಿನ ಮಾತ್ರೆ ನುಂಗಿದ್ದು ಗೊತ್ತಿತ್ತು. ತಮ್ಮನ ಎದುರು ಹೇಳಿದರೆ ಗಂಡನಿಗೆ ಬೇಜಾರಾಗುತ್ತದೆ ಅಂತ ಸುಮ್ಮನಿದ್ದಳು.

ನನ್ನ ಹೊಟ್ಟೆಯಲ್ಲಿ ಇದ್ದದ್ದು ವ್ಯಾನ್. ಸಂಜೆ ಐದೂವರೆಗೆ ಶಾಮೊನಿಯಿಂದ ಜಿನೀವಾಗೆ ಸೀಟು ಬುಕ್ ಮಾಡಿದ್ದೆ. ಬದಲಾಯಿಸುವ ಹಾಗಿಲ್ಲ, ಹಣ ವಾಪಸ್ ಇಲ್ಲ. ಬೆಳಗ್ಗೆಯಿಂದ ಹತ್ತು ಸಲ ಗಡಿಯಾರ ನೋಡಿದ್ದೆ. ಕೇಬಲ್ ಕಾರ್ ಹತ್ತಿದರೆ ಆರಾಮಾಗಿ ಸಿಗುತ್ತಿತ್ತು, ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಆದರೆ "ವ್ಯಾನ್‌ಗೋಸ್ಕರ ಕೊನೆ ದಿನ ಹಾಳುಮಾಡಿದ" ಅಂತ ಆಗಬಾರದು ಅಂದುಕೊಂಡೆ. ಹಾಗಾಗಿ ನಾನು ಹೇಳಿದ್ದು, "ಬೇಗ ಬೇಗ ಇಳಿದರೆ ಆಗುತ್ತೆ, ಭಾವ."

ಮಂಡಿ ಊದಿದೆ, ಮಾತ್ರೆ ನುಂಗಿದ್ದಾರೆ, ವ್ಯಾನ್ ಇದೆ. ಈ ಮೂರರಲ್ಲಿ ಯಾವ ಎರಡು ಬಾಯಿಗೆ ಬಂದಿದ್ದರೂ ನಾವು ಕೇಬಲ್ ಕಾರ್ ಹತ್ತುತ್ತಿದ್ದೆವು. ಮೂವರೂ ಪ್ರೀತಿಯಿಂದಲೇ ಬಾಯಿ ಮುಚ್ಚಿಕೊಂಡಿದ್ದೆವು. ಅದೇ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಬೆಲ್ಲಾಷಾ, ಆಮೇಲೆ

ಬೆಲ್ಲಾಷಾ ಹಟ್ 2152 ಮೀಟರ್‌ನಲ್ಲಿದೆ. ಒಂದೂಮುಕ್ಕಾಲಿಗೆ ತಲುಪಿದೆವು. ಮೋಡ ನಮ್ಮ ತಲೆಯ ಮೇಲೆ ಉಳಿಯಿತು. ಎದುರಿಗೆ ಬೊಸ್ಸೊಂ. ಮೇಲಿನ ಭಾಗ ಬಿಳಿ, ಕೆಳಗೆ ಬರುತ್ತ ಬರುತ್ತ ಕಂದು, ಬಿರುಕು ಬಿರುಕು. ಭಾವ ಬೆಂಚಿನ ಮೇಲೆ ಕೂತು ಟೋಪಿ ತೆಗೆದರು. ಏನೂ ಮಾತಾಡಲಿಲ್ಲ. ಅಕ್ಕ ಬ್ರೆಡ್ಡಿನ ಪೊಟ್ಟಣ ಬಿಚ್ಚಿ ಕೈಗೆ ಕೊಟ್ಟರೂ ಹಾಗೇ ಹಿಡಿದುಕೊಂಡು ಕೂತಿದ್ದರು. ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆಯನ್ನು ನಾನು ತಪ್ಪುಗಳ ಪಟ್ಟಿಗೆ ಸೇರಿಸುವುದಿಲ್ಲ.

ಏಳುವಾಗ ಗೊತ್ತಾಯಿತು. ಬೆಂಚು ಹಿಡಿದುಕೊಂಡು ಎದ್ದರು. ಅಕ್ಕ ಬಗ್ಗಿ, ಕೇಳದೇ ಪ್ಯಾಂಟ್ ಮೇಲೆ ಸರಿಸಿದಳು. ಮಂಡಿಚಿಪ್ಪಿನ ಎರಡೂ ಕಡೆ ಇರಬೇಕಾದ ಗುಳಿ ಇರಲಿಲ್ಲ. ಇಡೀ ಮಂಡಿ ನುಣ್ಣಗೆ, ಉಂಡೆಯಾಗಿ, ಹೊಳೆಯುತ್ತಿತ್ತು. ಬೆರಳಿಟ್ಟರೆ ಬಿಸಿ. "ಇದೇನ್ರೀ ಇದು!" ಅಂದಳು ಅಕ್ಕ. ಅವಳ ದನಿ ನಡುಗಿತು.

ಈಗ ದಾರಿ ಯಾವುದಿತ್ತು? ವಾಪಸ್ ಬ್ರೆವಾಂಗೆ ಹತ್ತಬಹುದಿತ್ತು. ಸುಮಾರು 370 ಮೀಟರ್ ಏರಿಕೆ. ಹತ್ತೋದಕ್ಕೆ ಅವರ ಮಂಡಿ ಅಷ್ಟು ನೋಯುತ್ತಿರಲಿಲ್ಲ, ಆದರೆ ಮೂರಕ್ಕೆ ಗುಡುಗು ಅಂತ ಬರೆದಿತ್ತು. ಗುಡುಗುವಾಗ ಬೋಳು ತುದಿಯ ಕಡೆ ಹೋಗುವುದು ತಪ್ಪು. ಶಾಮೊನಿಗೆ ನೇರ ಇಳಿಯುವ ಇನ್ನೊಂದು ಕಾಲುದಾರಿ ಇದೆ, ಅದೂ ಕಡಿದೇ. ಕೊನೆಗೆ ಲೆಝೂಶ್ ದಾರಿಯನ್ನೇ ಹಿಡಿದೆವು. ಆ ಹೊತ್ತಿನಲ್ಲಿ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ದಾರಿ ಬೇಗ ಬೋಳು ಗುಡ್ಡ ಬಿಟ್ಟು ಕಾಡಿಗೆ ಇಳಿಯುತ್ತದೆ. ಮಧ್ಯದಲ್ಲಿ ಮೆರ್ಲೆ ಅನ್ನೋ ಕಡೆ ಪ್ರಾಣಿಗಳ ಪಾರ್ಕ್ ಇದೆ, ಅಲ್ಲಿಗೆ ಕಾರು ಬರುವ ರಸ್ತೆ ಇದೆ. ಮ್ಯಾಪ್‌ನಲ್ಲಿ ಅದನ್ನು ಕಂಡಿದ್ದು ಅಕ್ಕ. "ಲೆಝೂಶ್ ಬೇಡ ಕಣೋ, ಇಲ್ಲಿವರೆಗೆ ಕರಕೊಂಡು ಹೋದರೆ ಸಾಕು," ಅಂದಳು.

ಭಾವನ ಬ್ಯಾಗ್ ನಾನು ಎದೆಗೆ ಹಾಕಿಕೊಂಡೆ. ಮಂಡಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿದೆವು. ಟ್ರೆಕಿಂಗ್ ಪೋಲ್‌ಗಳನ್ನು ಇಳಿತಕ್ಕೆ ತಕ್ಕಂತೆ ಒಂದು ಗೇಣು ಉದ್ದ ಮಾಡಿದೆವು. ನೋಯುವ ಕಾಲು ಮೊದಲು ಕೆಳಗೆ, ಆಮೇಲೆ ಗಟ್ಟಿ ಕಾಲು. ಹತ್ತುವಾಗ ಇದರ ಉಲ್ಟಾ. ನಮ್ಮ ಅಜ್ಜಿಗೆ ಮೆಟ್ಟಿಲಿಳಿಯೋಕೆ ಡಾಕ್ಟರು ಹೇಳಿಕೊಟ್ಟ ಪಾಠ ಆಲ್ಪ್ಸ್‌ನಲ್ಲಿ ಉಪಯೋಗಕ್ಕೆ ಬಂತು.

ಮೂರು ಗಂಟೆ ಐದು ನಿಮಿಷಕ್ಕೆ ಮೊದಲ ಗುಡುಗು. ಚೀಟಿಯಲ್ಲಿ ಬರೆದ ಹಾಗೇ. ಮಳೆ ಬಂದಾಗ ನಾವು ಕಾಡಿನ ಮೇಲಂಚಿನಲ್ಲಿದ್ದೆವು. ಹತ್ತು ನಿಮಿಷದಲ್ಲಿ ದಾರಿ ತೊರೆಯಾಯಿತು. ಒಂದು ತಿರುವಿನಲ್ಲಿ ಒದ್ದೆ ಬೇರಿನ ಮೇಲೆ ಭಾವನ ಎಡಗಾಲು ಜಾರಿತು. ಮೈಭಾರವೆಲ್ಲ ಬಲಮಂಡಿಗೆ ಬಿತ್ತು, ಅದು ತಡೆಯಲಿಲ್ಲ. ಪಕ್ಕಕ್ಕೆ ಬಿದ್ದರು. ಪುಣ್ಯಕ್ಕೆ ಬಿದ್ದಿದ್ದು ಗುಡ್ಡದ ಕಡೆಗೆ.

ಆಗ 112ಕ್ಕೆ ಫೋನ್ ಮಾಡುವುದಾ ಬೇಡವಾ ಅನ್ನೋ ಪ್ರಶ್ನೆ ಬಂತು. ಯುರೋಪಿನಲ್ಲಿ ಎಲ್ಲ ಕಡೆ ಅದೇ ನಂಬರ್. ಶಾಮೊನಿಯಲ್ಲಿ ಪರ್ವತ ರಕ್ಷಣೆಗೆಂದೇ ಪೊಲೀಸ್ ದಳ ಇದೆ, 1958ರಿಂದ. ಸಿಗ್ನಲ್ ಇತ್ತು. ನಾವು ಮೂರು ವಿಷಯ ನೋಡಿದೆವು. ಎಚ್ಚರ ಇದೆಯಾ, ತಲೆಗೆ ಪೆಟ್ಟು ಬಿದ್ದಿದೆಯಾ, ಆ ಕಾಲಿನ ಮೇಲೆ ನಿಲ್ಲೋಕೆ ಆಗುತ್ತಾ. ಭಾವ ಪೋಲ್ ಹಿಡಿದು ನಿಂತರು, ನಾಲ್ಕು ಹೆಜ್ಜೆ ಇಟ್ಟರು. ಫೋನ್ ಮಾಡಲಿಲ್ಲ. ನಿಲ್ಲೋಕೆ ಆಗದಿದ್ದರೆ ಮಾಡಲೇಬೇಕಿತ್ತು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆಮೇಲಿನದು ಬರೀ ಹೆಜ್ಜೆ ಎಣಿಕೆ. ಕಡಿದಾದ ಕಡೆ ಕಂಬಿ ಹಾಕಿದ್ದಾರೆ, ಅಲ್ಲಿ ಕೂತುಕೊಂಡೇ ಇಳಿದರು. ಐದೂವರೆ ಆದಾಗ ಯಾರೂ ಗಡಿಯಾರ ನೋಡಲಿಲ್ಲ. ಒಂದೂವರೆ ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು. ಆರೂಕಾಲಕ್ಕೆ ಮೆರ್ಲೆಯ ಪಾರ್ಕಿಂಗ್. ಮನೆಗೆ ಹೊರಟಿದ್ದ ಒಂದು ಕುಟುಂಬ ನಮ್ಮನ್ನು ನೋಡಿ ಕಾರಿಂದ ಇಳಿಯಿತು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಏನೂ ಕೇಳದೆ ಹಿಂದಿನ ಸೀಟಿನಿಂದ ಮಕ್ಕಳ ಸಾಮಾನು ತೆಗೆದು ಡಿಕ್ಕಿಗೆ ಹಾಕಿ, ಭಾವ ಕಾಲು ಚಾಚಿ ಕೂರುವ ಹಾಗೆ ಮಾಡಿದರು. ಟ್ಯಾಕ್ಸಿಗೂ ಫೋನ್ ಮಾಡಿಕೊಟ್ಟರು, ಅದು ಬರುವವರೆಗೆ ಜೊತೆಗೇ ನಿಂತರು. ಅವರ ಹೆಸರು ಕೇಳುವುದನ್ನೂ ಮರೆತೆವು.

ಲೆಝೂಶ್‌ಗೆ ಇನ್ನು ಸುಮಾರು 400 ಮೀಟರ್ ಇಳಿತ ಉಳಿದಿತ್ತು. ನಾನೊಬ್ಬನೇ ನಡೆದು ಮುಗಿಸಬಹುದಿತ್ತು. ಮನಸ್ಸು ಬರಲಿಲ್ಲ.

ಯಾಕೆ ಹೀಗಾಯ್ತು

ವ್ಯಾನ್ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ವಿಮಾನ ಇದ್ದಿದ್ದು ಮಾರನೇ ದಿನ ಹನ್ನೊಂದು ಗಂಟೆಗೆ. ಬೆಳಗ್ಗೆ ಬೇರೆ ಬಸ್ ಹಿಡಿದು ಆರಾಮಾಗಿ ಹೋದೆವು. ತಪ್ಪಿದರೆ ಹೋಗುತ್ತಿದ್ದುದು ಮೂರು ಸೀಟಿನ ದುಡ್ಡು, ಅಷ್ಟೇ. ಅಷ್ಟು ಚಿಕ್ಕ ವಿಷಯ ಹೊಟ್ಟೆಯಲ್ಲಿಟ್ಟುಕೊಂಡಿದ್ದಕ್ಕೆ ಇಡೀ ದಿನ ದೊಡ್ಡದಾಗಿತ್ತು. ಕೊನೆಯ ದಿನ ಸಂಜೆಗೆ ಟಿಕೆಟ್ ಮಾಡಿದ್ದೇ ನನ್ನ ತಪ್ಪು. ಇಡೀ ಸುತ್ತಿನ ದೊಡ್ಡ ಇಳಿತಗಳಲ್ಲಿ ಒಂದು ಆ ದಿನ ಇತ್ತು. ಹತ್ತು ದಿನ ದುಡಿದ ಕಾಲು ಅದನ್ನು ಇಳಿಯಬೇಕಿತ್ತು. ಎಲ್ಲಕ್ಕಿಂತ ಬಿಗಿಯಾದ ಸಮಯ ಇಟ್ಟಿದ್ದು ಆ ದಿನಕ್ಕೇ.

ಇನ್ನು ಮಂಡಿ. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಉಸಿರು ಕಟ್ಟುತ್ತದೆ, ಬೆವರು ಸುರಿಯುತ್ತದೆ, ಮಂಡಿಗೆ ಅಷ್ಟು ಪೆಟ್ಟಿಲ್ಲ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು, ಬ್ರೇಕ್ ಹಾಗೆ. ಆ ಬ್ರೇಕ್ ಸೋತಾಗ ಭಾರವೆಲ್ಲ ಕೀಲಿಗೆ ಬೀಳುತ್ತದೆ. ಇಳಿಯೋಕೆ ಉಸಿರು ಸಾಕಾಗುವುದರಿಂದ ಮೈ ಎಚ್ಚರಿಕೆ ಕೊಡುವುದೂ ತಡ. ಭಾವನ ಐದು ತಿಂಗಳ ತಯಾರಿ ಪೂರ್ತಿ ಹತ್ತೋದಕ್ಕೆ ಆಗಿತ್ತು. ಇಳಿಯೋದಕ್ಕೆ ಬಸ್ ಇತ್ತು. ಕುಮಾರ ಪರ್ವತದ ನೆತ್ತಿಯಿಂದ ಗಿರಿಗದ್ದೆ ಮೇಲೆ ಕುಕ್ಕೆಗೆ ಇಳಿದವರಿಗೆ ಈ ಲೆಕ್ಕ ಕಾಲಿಗೇ ಗೊತ್ತು. ಇಳಿತ ಹೆಚ್ಚುಕಡಿಮೆ ಅಷ್ಟೇ. ಮಾರನೇ ದಿನ ಟಾಯ್ಲೆಟ್‌ನಲ್ಲಿ ಕೂರೋಕಾಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದನ್ನು ಹತ್ತು ದಿನ ನಡೆದ ಮೇಲೆ ಹನ್ನೊಂದನೇ ದಿನ ಮಾಡಿದವರು ನಮ್ಮಲ್ಲಿ ಕಡಿಮೆ.

ನೋವಿನ ಮಾತ್ರೆಯ ಬಗ್ಗೆಯೂ ಒಂದು ಮಾತು. ಮಾತ್ರೆ ನೋವನ್ನು ಮರೆಸಿತು, ಬಾವನ್ನು ಹಾಗೇ ಬಿಟ್ಟಿತು. ಕಂಬಿ ಹತ್ತುವಾಗ ಭಾವ "ಏನಿಲ್ಲ" ಅಂದಿದ್ದು ಸುಳ್ಳಲ್ಲ. ಆ ಹೊತ್ತಿಗೆ ಅವರಿಗೆ ನಿಜವಾಗಿಯೂ ಅಷ್ಟು ನೋಯುತ್ತಿರಲಿಲ್ಲ.

ಮೈಸೂರಿಗೆ ಬಂದ ಮೇಲೆ ಎಂಆರ್‌ಐ ಮಾಡಿಸಿದೆವು. ವಯಸ್ಸಿಗೆ ಸವೆದಿದ್ದ ಮೆನಿಸ್ಕಸ್, ಅಂದರೆ ಮಂಡಿಯೊಳಗಿನ ಮೆತ್ತೆಯಂಥ ಭಾಗ, ಹರಿದಿತ್ತು. ಬಿದ್ದಾಗ ಆಗಿದ್ದೋ, ಮೊದಲೇ ಆಗಿದ್ದೋ ಹೇಳೋಕಾಗಲ್ಲ ಅಂದರು ಡಾಕ್ಟರು. ಆಪರೇಷನ್ ಬೇಡ, ಫಿಸಿಯೋಥೆರಪಿ ಸಾಕು ಅಂದರು. ಮೂರು ತಿಂಗಳು ಬಿಡದೆ ಮಾಡಿದರು.

ಈಗ ಮತ್ತೆ ಚಾಮುಂಡಿ ಬೆಟ್ಟ ಹತ್ತುತ್ತಾರೆ. ವ್ಯತ್ಯಾಸ ಏನೆಂದರೆ, ನಂದಿಯವರೆಗೆ ಮೆಟ್ಟಿಲಲ್ಲೇ ಇಳಿಯುತ್ತಾರೆ. ಅಲ್ಲಿ ಕೂತು ನೋವಿಗೆ ಹತ್ತಕ್ಕೆ ಎಷ್ಟು ಅಂತ ಬಾಯಿಬಿಟ್ಟು ಹೇಳಬೇಕು. ಇದು ಅಕ್ಕನ ಕಾನೂನು. ಹೋದ ಭಾನುವಾರ ನಾನೂ ಹೋಗಿದ್ದೆ. "ಎಷ್ಟು ರೀ?" ಅಂದಳು ಅಕ್ಕ. ಭಾವ ಸ್ವಲ್ಪ ಹೊತ್ತು ಯೋಚಿಸಿ "ನಾಲ್ಕು" ಅಂದರು. ಅಕ್ಕ ಪ್ಯಾಂಟ್ ಮೇಲೆ ಸರಿಸಿ, ಮಂಡಿಚಿಪ್ಪಿನ ಎರಡೂ ಕಡೆ ಬೆರಳಿಟ್ಟು ನೋಡಿದಳು. ಗುಳಿ ಇತ್ತು. ನನ್ನ ಕಡೆ ತಿರುಗಿ, "ನಿಂಗೇನಾದ್ರೂ ಕೆಲಸ ಇದೆಯೇನೋ, ಬೇಗ ಹೋಗ್ಬೇಕಾ?" ಅಂದಳು. ಹನ್ನೊಂದಕ್ಕೆ ಒಬ್ಬರು ಮನೆಗೆ ಬರುವವರಿದ್ದರು. ಹೇಳಿದೆ. ನಂದಿ ಹತ್ತಿರ ರಸ್ತೆಗೆ ಬಂದು ಆಟೋ ಹಿಡಿದೆವು.